ಮಾಳಿಗೆಗೆ ಹೊತ್ತ ನೀರು

ಲಿಂಗಸುಗೂರು
೨೪ ಅಕ್ಟೋಬರ್ ೧೯೫೪
ನೀರು ತುಂಬುವ ಹಬ್ಬ, ಸಂಜೆ

ಪ್ರೀತಿಯ ಅಕ್ಕ ಶೇಖರಮ್ಮನಿಗೆ, ತಮ್ಮ ಅಮರೇಶನ ಶರಣು.

ಇಲ್ಲ ಅಕ್ಕಾ, "ಇದರಾಗ ಯಾರದೂ ತಪ್ಪಿಲ್ಲೋ ತಮ್ಮಾ, ನನ್ನ ಹಣಿಬರ ಹಂಗೈತಿ" ಎಂದು ನೀನು ಬರೆಸಿದ ಮಾತನ್ನು ನಾನು ಒಪ್ಪುವುದಿಲ್ಲ. ಹಣೆಬರಹ ಯಾರನ್ನೂ ಮೋಟಾರಿಗೆ ಹತ್ತಿಸುವುದಿಲ್ಲ. ನಿನ್ನನ್ನು ಗಂಡನ ಊರು ತುರ್ವಿಹಾಳದ ಮೋಟಾರಿಗೆ ಹತ್ತಿಸಿದವನು ನಮ್ಮ ಅಣ್ಣ ಕರಿಬಸಪ್ಪ. ಹತ್ತಿಸುವಾಗ ಹೊಸ ಸೀರೆ ಉಡಿಸಿ, ದಾರಿಗೆ ಚುರುಮುರಿ ಕಟ್ಟಿಸಿಕೊಟ್ಟನಂತೆ. ಹಣೆಬರಹ ಎಲ್ಲಿಯಾದರೂ ಚುರುಮುರಿ ಕಟ್ಟಿಸಿಕೊಡುತ್ತದೆಯೇ? "ಅಣ್ಣನ ಕೂಡ ಜಗಳ ತೆಗೀಬ್ಯಾಡ, ಅವನ ಅನ್ನ ಉಂಡೀವಿ" ಎಂದೂ ಬರೆಸಿದ್ದೀ. ನಾನು ಉಂಡದ್ದು ಅವನ ಅನ್ನ, ನಿಜ. ನೀನು ಉಂಡದ್ದು ನಿನ್ನ ಅನ್ನವನ್ನೇ. ಈ ಒಂದು ಮಾತು ನಿನ್ನ ತಲೆಗೆ ಹೋಗಲೆಂದೇ ಇಷ್ಟುದ್ದದ ಪತ್ರ ಬರೆಯುತ್ತಿದ್ದೇನೆ.

ಸಿಟ್ಟಿನಲ್ಲಿ ಮೊದಲು ಕೇಳಬೇಕಾದುದನ್ನೇ ಮರೆತೆ. ನಿನ್ನ ಸೊಂಟದ ನೋವು ಹೇಗಿದೆ? ಹೊಗೆಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತಲ್ಲ, ಅಲ್ಲಿ ಕಡಿಮೆಯಾಗಿದೆಯೋ ಹೆಚ್ಚಾಗಿದೆಯೋ? ರಾತ್ರಿ ಮಲಗಲು ಗೋಡೆಯ ಕಡೆ ಜಾಗ ಕೊಟ್ಟಿದ್ದಾರೋ, ಬಾಗಿಲ ಕಡೆಗೋ? ನಿನ್ನ ಸವತಿ ಹಡೆದ ಕೂಸು ಚೆನ್ನಾಗಿರಲಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿ ಅವ್ವ ಆರಾಮ ಇದ್ದಾಳೆ. ನಾನೂ ಆರಾಮ, ಎಂದರೆ ಎರಡು ಹೊತ್ತು ಉಣ್ಣುತ್ತೇನೆ. ಗಾಳೆಪ್ಪ ಮಾಸ್ತರರೇ, ಇದನ್ನು ಅಕ್ಕನಿಗೆ ಓದಿ ಹೇಳುವವರು ನೀವು, ನಿಮಗೂ ನನ್ನ ಶರಣು. ದಯಮಾಡಿ ಅವಳ ಗಂಡನ ಮನೆಯ ಕಟ್ಟೆಯ ಮೇಲೆ ಕೂತು ಓದಬೇಡಿರಿ. ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಕರೆದು ಓದಿರಿ. ಅವನ ಹೆಸರು ಬಂದಲ್ಲಿ ದನಿ ತಗ್ಗಿಸಿ ಓದಿರಿ, ಆದರೆ ಬಿಡಬೇಡಿರಿ.

ನಿನಗೆ ನೆನಪಿರಬೇಕು ಅಕ್ಕಾ. ಮಕ್ಕಳಾಗಲಿಲ್ಲವೆಂದು ನಿನ್ನ ಗಂಡ ಜಂಬಣ್ಣ ಇನ್ನೊಬ್ಬಳನ್ನು ಮನೆಗೆ ತಂದ ವರ್ಷ ನೀನು ಬಂಡಿಯಲ್ಲಿ ತವರಿಗೆ ಬಂದೆ. ಒಂದು ಗಂಟು ಬಟ್ಟೆ, ಒಂದು ತಾಮ್ರದ ಹಂಡೆ, ಅಷ್ಟೇ. ನಿನ್ನ ಮದುವೆಗೆ ಅಪ್ಪ ಮುದಗಲ್ಲಿನಲ್ಲಿ ಮಾಡಿಸಿ, ಕೊರಳ ಸುತ್ತ ಚುಕ್ಕೆ ಹೊಡೆಸಿ ನಿನ್ನ ಹೆಸರು ಬರೆಸಿದ್ದ ಹಂಡೆ ಅದು. ಬಂದವಳೇ ಅದನ್ನು ನಮ್ಮ ಬಚ್ಚಲೊಲೆಯ ಮೇಲೆ ಇಟ್ಟೆ. ಯಾರೂ ಹೇಳಿರಲಿಲ್ಲ. ಮರುದಿನದಿಂದ ಈ ಮನೆಯ ಬಿಸಿನೀರು ನಿನ್ನದಾಯಿತು. ನಮ್ಮ ಕಡೆಯ ಉರುವಲು ನಿನಗೆ ಗೊತ್ತು, ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ. ಭಗ್ಗನೆ ಉರಿದು ತಣ್ಣಗಾಗುತ್ತದೆ. ಒಂದು ಹಿಡಿ ತುರುಕಿ ಎದ್ದು ಹೋಗುವಂತಿಲ್ಲ, ಮುಂದೆ ಕೂತೇ ಇರಬೇಕು. ಅಣ್ಣ ಲಿಂಗಪೂಜೆಗೆ ಕೂಡುವ ಮೊದಲು ಒಂದು ಹಂಡೆ, ಅವ್ವನಿಗೆ, ಅತ್ತಿಗೆ ಕಲ್ಯಾಣಮ್ಮನಿಗೆ, ಹುಡುಗರಿಗೆ ಇನ್ನೊಂದು ಹಂಡೆ. ನಾನು ಏಳುವ ಹೊತ್ತಿಗೆ ನೀನು ಬೂದಿ ಬಳಿಯುತ್ತಿದ್ದೆ. ನೀನು ಬೆಳಗಿನಲ್ಲಿ ಮುಖ ತಿರುಗಿಸಿ ಕೂತದ್ದನ್ನು ನಾನು ನೋಡಿದ್ದೇ ಹೆಚ್ಚು. ನಿನ್ನ ಬೆನ್ನು ನನಗೆ ನಿನ್ನ ಮುಖಕ್ಕಿಂತ ಚೆನ್ನಾಗಿ ಗೊತ್ತು.

ಅಣ್ಣ ಶೇಂಗಾ ವ್ಯಾಪಾರಕ್ಕೆ ಹೈದರಾಬಾದಿಗೆ ಹೋಗಿ ಬಂದದ್ದೇ ಈ ಎಲ್ಲಕ್ಕೂ ಮೂಲ. ಅಲ್ಲಿ ಯಾವುದೋ ದೊಡ್ಡ ಮನೆಯಲ್ಲಿ ಇಳಿದುಕೊಂಡಿದ್ದನಂತೆ. ಗೋಡೆಯಲ್ಲಿನ ನಳದ ಚಾವಿ ತಿರುವಿದರೆ ಬಿಸಿನೀರು ಬಂತಂತೆ. ಬಂದು ಒಂದು ವಾರ ಅದೇ ಮಾತು. "ಅವ್ವಾ, ಕೈ ಹಿಂಗ ಮಾಡಿದ್ನಿ, ಹೊಗಿ ಇಲ್ಲ, ಬೂದಿ ಇಲ್ಲ, ಗಂಗಮ್ಮ ಕುದಕೊಂತ ಬಂದ್ಲು" ಎಂದು ಉಣ್ಣುವಾಗಲೂ ಕೈ ತಿರುವಿ ತೋರಿಸುತ್ತಿದ್ದ. ಅಂಗಡಿಯಿಂದ ಒಂದು ಕ್ಯಾಟಲಾಗು ತಂದಿದ್ದ, ಉರ್ದೂದಲ್ಲಿ. ಹತ್ತನೆಯ ಇಯತ್ತೆಯವರೆಗೆ ನಾನು ಓದಿದ್ದಕ್ಕೆ ಈ ಮನೆಗೆ ಆದ ಉಪಯೋಗ ಅದೊಂದೇ, ಆ ಕ್ಯಾಟಲಾಗನ್ನು ಓದಿ ಹೇಳಿದೆ. ಎರಡು ನಮೂನೆ ಇದ್ದವು. ಒಂದು ಉದ್ದನೆಯ ತಾಮ್ರದ ಹಮಾಮು, ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಅಣ್ಣನಿಗೆ ಅದೇ ಬೇಕಿತ್ತು, ನೋಡಲು ಠೀವಿಯಾಗಿತ್ತು. ಇನ್ನೊಂದರಲ್ಲಿ ನೀರು ಕೂಡಿಡುವ ಪಾತ್ರೆಯೇ ಇರಲಿಲ್ಲ. ಹಾವಿನಂತೆ ಸುತ್ತಿದ ತಾಮ್ರದ ಕೊಳವೆ, ಕೆಳಗೆ ಬೆಂಕಿ, ನೀರು ಆ ಸುರುಳಿಯೊಳಗೆ ಹರಿಯುತ್ತಲೇ ಕಾದು ಹೊರಬೀಳುತ್ತದೆ. ಬೇಕಾದಷ್ಟೇ, ಬೇಕಾದಾಗ.

ಆ ಎರಡನೆಯದನ್ನು ಆರಿಸಿದವನು ನಾನು. ಹಮಾಮು ಎಂದರೆ ನಿನ್ನ ಹಂಡೆಗೇ ಕೋಟು ಹಾಕಿ ನಿಲ್ಲಿಸಿದ ಹಾಗೆ, ಅದನ್ನೂ ಯಾರಾದರೂ ನಸುಕಿನಲ್ಲಿ ಎದ್ದು ಕಾಯಿಸಬೇಕು. ಸುರುಳಿಗೆ ಹಾಗಿಲ್ಲ. ಭಗ್ಗನೆ ಉರಿದು ಆರುವ ನಮ್ಮ ಹತ್ತಿಕಟ್ಟಿಗೆಯನ್ನು ನೋಡಿಯೇ ಇದನ್ನು ಮಾಡಿದ್ದಾರೆ ಎನ್ನಿಸಿತು ನನಗೆ. ಒಂದು ಹಿಡಿ ಕಟ್ಟಿಗೆ, ಒಬ್ಬರ ಸ್ನಾನ, ಮುಗಿಯಿತು. ಅಂಗಡಿಯದು ಇಲ್ಲಿ ನಡೆಯುವುದಿಲ್ಲ, ಅದಕ್ಕೆ ಕರೆಂಟೋ ಗ್ಯಾಸೋ ಬೇಕು. ಆದ್ದರಿಂದ ಚಿತ್ರ ನೋಡಿ ನಾವೇ ಮಾಡೋಣ ಎಂದೆ. "ನಿನ್ನ ಕಾಲಾಗ ಚಕ್ರ ಅದಾವು, ಅರಿವಿ ಅಂಗಡ್ಯಾಗ ಎರಡು ತಿಂಗಳು, ರಾಯಚೂರು ಹತ್ತಿ ಜಿನ್ನಿನ್ಯಾಗ ಮೂರು ತಿಂಗಳು. ಇದನ್ನರ ಪೂರಾ ಮಾಡ್ತಿಯೇನಲೇ?" ಎಂದ ಅಣ್ಣ. ಮಾಡುತ್ತೇನೆ ಎಂದೆ. "ತಾಮ್ರ ಎಲ್ಲಿಂದ ತರ್ತಿ?" ಎಂದ. ಎಲ್ಲರೂ ಬಚ್ಚಲದ ಕಡೆ ನೋಡಿದರು. ನೀನು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಒಯ್ರಿ. ನನ್ನ ಹೆಸರು ಅದರ ಮ್ಯಾಲೆ ಇದ್ದು ಏನ್ ಮಾಡೈತಿ" ಎಂದೆ. ನಾನು ನಿನ್ನ ಹಿಂದೆ ಹಿತ್ತಲಿಗೆ ಬಂದು, ಅಕ್ಕಾ, ಇನ್ನು ಮೇಲೆ ನೀನು ನಸುಕಿನಲ್ಲಿ ಏಳಬೇಕಾಗಿಲ್ಲ ಎಂದು ಹೇಳಿದೆ. ನೀನು ನಕ್ಕೆ. "ನಾ ಏಳಲಿಲ್ಲಂದ್ರ ಈ ಮನ್ಯಾಗ ನಾ ಇದ್ದೀನಿ ಅಂತ ಯಾರಿಗೆ ಗೊತ್ತಾಗತೈತೋ ಹುಚ್ಚಾ?" ಎಂದೆ. ನಾನೂ ನಕ್ಕುಬಿಟ್ಟೆ.

ಮುದಗಲ್ಲಿನ ತಾಮ್ರಗಾರ ರಹಮಾನಸಾಬ ಹಂಡೆಯನ್ನು ತೂಗಿಕೊಂಡು ಅಷ್ಟೇ ತೂಕದ ಕೊಳವೆ ಕೊಟ್ಟ. ಕೊಳವೆಯೊಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಬೆಣೆ ಬಡಿದು, ಮುರಿಯದಂತೆ ಒಂದು ಕಂಬಕ್ಕೆ ಸುತ್ತಿದ್ದು ನಾವಿಬ್ಬರೂ. ಬೆಸುಗೆ ಅವನದು. ಕಾಲುವೆ ಕ್ಯಾಂಪಿನ ಹರಾಜಿನಿಂದ ಕಬ್ಬಿಣದ ಪೈಪು ತಂದೆ, ಒಂದು ಖಾಲಿ ಡ್ರಮ್ಮು ತಂದು ಮಾಳಿಗೆಯ ಮೇಲೆ ಕಲ್ಲಿನ ಮೇಲೆ ಕೂರಿಸಿದೆ. ಮೇಲಿನಿಂದ ನೀರು ಇಳಿಯಬೇಕು, ಆಗಲೇ ಸುರುಳಿಯೊಳಗೆ ಜೋರಾಗಿ ಹರಿಯುತ್ತದೆ. ಸಂದುಗಳಿಗೆ ಸೆಣಬಿನ ನಾರು ಸುತ್ತಿ, ನೀರು ಸೋರದಂತೆ ಸಫೇದಾ ಬಳಿದೆ. ನಾರನ್ನು ಎಳೆ ಎಳೆಯಾಗಿ ಬಿಡಿಸಿಕೊಟ್ಟವಳು ನೀನು. ಮೊದಲ ದಿನ ನಾನು ಚಾವಿಯನ್ನು ಬಿಸಿನೀರು ಬೀಳುವ ತುದಿಗೆ ಹಾಕಿ ಮುಚ್ಚಿ ಇಟ್ಟಿದ್ದೆ. ಕೆಳಗೆ ಬೆಂಕಿ ಹಾಕಿದೊಡನೆ ಒಳಗಿನ ಉಗಿ ದಾರಿ ಕಾಣದೆ ಚಾವಿಯನ್ನೇ ಕಿತ್ತು ಗೋಡೆಗೆ ಹೊಡೆಯಿತಲ್ಲ, ಅವ್ವ ದೇವರ ಕೋಣೆಯಿಂದ "ಶಿವನೇ, ರಜಾಕಾರ್ರು ಮತ್ತ ಬಂದ್ರೇನು?" ಎಂದಳು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಂದೇ. ಆಮೇಲೆ ಚಾವಿಯನ್ನು ತಣ್ಣೀರು ಒಳಹೋಗುವ ಕಡೆ ಬಚ್ಚಲ ಗೋಡೆಗೆ ಹಾಕಿದೆ, ಬಿಸಿನೀರಿನ ತುದಿಯನ್ನು ಸದಾ ತೆರೆದಿಟ್ಟೆ. ಮರುದಿನ ಒಂದು ಹಿಡಿ ಕಟ್ಟಿಗೆ ಹಚ್ಚಿ, ಚಾವಿ ತಿರುವಿದೆ. ನೀರು ಬಿಸಿಯಾಗಿ ಬಂತು. ಅಣ್ಣ ಕೈ ಒಡ್ಡಿ ನಿಂತವನು ಸುಟ್ಟುಕೊಂಡರೂ ಕೈ ತೆಗೆಯಲಿಲ್ಲ.

ಕ್ಯಾಟಲಾಗಿನಲ್ಲಿ ಇಲ್ಲದ ಒಂದು ಮಾತನ್ನು ಆ ದಿನ ಯಾರೂ ಕೇಳಲಿಲ್ಲ. ಹೈದರಾಬಾದಿನ ಮನೆಗೆ ಸರಕಾರದ ಪೈಪಿನಲ್ಲಿ ನೀರು ಬರುತ್ತದೆ. ನಮ್ಮದು ಹಿತ್ತಲ ಬಾವಿ. ಪಾತ್ರೆ ಬೇಡವೆಂದು ಹಂಡೆ ಕೊಟ್ಟು, ಹಂಡೆಯ ಎರಡರಷ್ಟು ದೊಡ್ಡ ಡ್ರಮ್ಮನ್ನು ಮಾಳಿಗೆಯ ಮೇಲೆ ಇಟ್ಟೆವು. ಅದನ್ನು ತುಂಬುವವರು ಯಾರು? ಪಖಾಲಿ ಗೌಸ್‌ಸಾಬ್‌ಗೆ ಹೇಳೋಣ, ಅವನು ಊರಿಗೆಲ್ಲ ಚರ್ಮದ ಚೀಲದಲ್ಲಿ ನೀರು ಹೊರುವವನು ಎಂದರೆ ಅವ್ವ, "ಚರ್ಮದ ಚೀಲದ ನೀರಾಗ ಮಿಂದು ಲಿಂಗ ಮುಟ್ಟಾಕ ಬರಂಗಿಲ್ಲ" ಎಂದಳು. ನಾನೇ ಹೊರುತ್ತೇನೆ ಎಂದೆ. ಹೊತ್ತೆ ಕೂಡ. ಆಮೇಲೆ ಊರವರು ನೋಡಲು ಬರಲಾರಂಭಿಸಿದರು, ಮಸ್ಕಿಯ ಅಡತಿ ಅಂಗಡಿಯವರು ತಮ್ಮ ಮನೆಗೂ ಒಂದು ಹಾಕಿಕೊಡು ಎಂದರು, ನಾನು ಪೈಪು ಅಳೆಯಲು ಅಲ್ಲಿ ಇಲ್ಲಿ ಓಡಾಡತೊಡಗಿದೆ. ಒಂದು ಬೆಳಿಗ್ಗೆ ಕೊಡ ತೆಗೆದುಕೊಂಡು ಮೇಲೆ ಹೋದರೆ ಡ್ರಮ್ಮು ಆಗಲೇ ತುಂಬಿತ್ತು. ನೀನು ತುಂಬಿದ್ದೆ. ಏನೂ ಕೇಳದೆ ನಾನು ಕೆಳಗಿಳಿದು ಹೋಗಿ ಮಲಗಿದೆ. ಅಲ್ಲಿಂದ ಮುಂದೆ ಅದು ನಿನ್ನದೇ ಆಯಿತು.

ನೀನೂ ಬಾಯಿ ಬಿಡಬಹುದಿತ್ತು ಅಕ್ಕಾ. ನಿನ್ನ ಮೇಲೂ ನನಗೆ ಸಿಟ್ಟಿದೆ. ಒಲೆಯ ಮುಂದೆ ಕೂತಿದ್ದಾಗ ನಿನ್ನ ಕೆಲಸ ಎಲ್ಲರ ಕಣ್ಣಿಗೂ ಹೊಗೆಯಾಗಿಯಾದರೂ ತಾಗುತ್ತಿತ್ತು. ಮಾಳಿಗೆಗೆ ಹೊತ್ತ ನೀರು ಯಾರ ಕಣ್ಣಿಗೂ ಬೀಳಲಿಲ್ಲ. ಕಂದಾಯದ ಗಿರದಾವರ ಸಾಹೇಬರು ನೋಡಲು ಬಂದ ದಿನ ಅಣ್ಣ ಅವರನ್ನು ಬಚ್ಚಲಕ್ಕೇ ಕರೆತಂದು, "ನೋಡ್ರಿ ಸಾಹೇಬ್ರ, ಹಂಡೆ ಇಲ್ಲ, ಕಾಯಿಸೋ ಮಂದಿ ಇಲ್ಲ, ತನ್ನಷ್ಟಕ್ಕ ತಾ ಬರತೈತಿ" ಎಂದು ಚಾವಿ ತಿರುವಿದ. ಆಗ ನೀನು ಕೊಡ ಹೊತ್ತು ಮೇಲೆಯೇ ನಿಂತಿದ್ದೆ. ಪರ ಗಂಡಸರ ಎದುರು ಮೆಟ್ಟಿಲಿಳಿಯಬಾರದೆಂದು, ಅವರು ಚಹ ಕುಡಿದು ಹೋಗುವವರೆಗೂ ಬಿಸಿಲಿನಲ್ಲಿ ನಿಂತೇ ಇದ್ದೆ. ನಾನು ಕೆಳಗೆ ನಿಂತು ಸಾಹೇಬರಿಗೆ ಸುರುಳಿಯ ಲೆಕ್ಕ ವಿವರಿಸುತ್ತಿದ್ದೆ. ತನ್ನಷ್ಟಕ್ಕೆ ತಾನು ಬರುತ್ತದೆ ಎಂದಾಗ ನಾನೂ ತಲೆ ಆಡಿಸಿದೆ. ಹೊಗಳಿಕೆ ಬಹಳ ರುಚಿ ಅಕ್ಕಾ, ನನಗೆ ಅದಕ್ಕೂ ಮೊದಲು ಯಾರೂ ಕೊಟ್ಟಿರಲಿಲ್ಲ. ಇಡೀ ಊರಿನಲ್ಲಿ ನಿಜ ಹೇಳಿದವನು ಗೌಸ್‌ಸಾಬ್ ಒಬ್ಬನೇ. ಓಣಿಯಲ್ಲಿ ಕೋಣ ಹೊಡೆದುಕೊಂಡು ಹೋಗುತ್ತ ನಮ್ಮ ಮಾಳಿಗೆ ನೋಡಿ, "ಅಮರೇಶಪ್ಪಾ, ನಿಮ್ಮ ಮಷೀನು ಸೀರಿ ಉಟಗೊಂಡು ಮೆಟ್ಲಾ ಹತ್ತಾಕತ್ತೈತಲ್ಲೋ" ಎಂದ. ತನ್ನ ನೀರು ಮಾರಾಟವಾಗಲಿಲ್ಲವೆಂದು ಅವನಿಗೆ ಹೊಟ್ಟೆಕಿಚ್ಚು ಎಂದು ಬೈದೆ. "ಹೊಟ್ಟಿಕಿಚ್ಚು ನನ್ನ ಕೋಣಕ್ಕಪಾ. ಅದಕ್ಕ ನಾ ಹುಲ್ಲರ ಹಾಕ್ತೀನಿ" ಎಂದು ಹೋದ.

ಮಹಾನವಮಿಯ ಹೊತ್ತಿಗೆ ನಾನು ಮಸ್ಕಿಯಲ್ಲಿದ್ದೆ. ಅಡತಿಯವರ ಮನೆಯಲ್ಲಿ ಪೈಪು ಕೂರಿಸುವಾಗ ಆ ಮನೆಯ ಸೊಸೆ ಬಾಗಿಲ ಮರೆಯಲ್ಲಿ ನಿಂತು ಬಹಳ ಹೊತ್ತು ಡ್ರಮ್ಮನ್ನೇ ನೋಡಿದಳು. "ಅಣ್ಣಾ, ಅಷ್ಟು ಎತ್ತರಕ ನೀರು ಯಾರು ಹೊರಬೇಕ್ರೀ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆ. ಪಾನಾ ಇಕ್ಕಳ ಎಲ್ಲ ಚೀಲಕ್ಕೆ ತುಂಬಿ, ಬಂದು ಹೇಳುತ್ತೇನೆಂದು ಎದ್ದೆ. ಮನೆಗೆ ಹೋಗಿ ಮೊದಲು ನಿನ್ನ ಕೈಯಿಂದ ಕೊಡ ಕಿತ್ತುಕೊಳ್ಳಬೇಕೆಂದು ಮೋಟಾರಿನಲ್ಲಿ ಉದ್ದಕ್ಕೂ ಅಂದುಕೊಂಡೆ. ಮನೆಗೆ ಬಂದರೆ ಕೊಡ ಬಾವಿಕಟ್ಟೆಯ ಮೇಲೆ ಬೋರಲಾಗಿತ್ತು. ನೀನು ಇರಲಿಲ್ಲ.

ಅವ್ವ ಹೇಳಿದ್ದು ಇಷ್ಟು. ಜಂಬಣ್ಣ ಬಂದಿದ್ದ. ಅವನನ್ನು ಮಾವ ಎನ್ನುವುದನ್ನು ನಾನು ಎಂದೋ ಬಿಟ್ಟಿದ್ದೇನೆ. ಎರಡನೆಯವಳು ಹಡೆದಿದ್ದಾಳೆ, ಅವಳ ತವರಿನಲ್ಲಿ ಯಾರೂ ಇಲ್ಲ, ಮನೆಯಲ್ಲಿ ದಿಕ್ಕಿಲ್ಲ, ಎಷ್ಟಾದರೂ ನಿನ್ನದೇ ಮನೆ, ಬಾ ಎಂದನಂತೆ. ಅತ್ತಿಗೆ ಒಳಗಿನಿಂದ, "ಇಲ್ಲೇನ್ ಐತಿ ಈಗ? ನೀರಿನ ಕೆಲಸಾನೂ ಮಷೀನೇ ಮಾಡಾಕತ್ತೈತಿ. ಗಂಡ ಕರಿಯಾಕ ಬಂದಾಗ ಹೋಗದ ಹೆಣ್ಣಿಗೆ ಮಂದಿ ಏನಂದಾರು" ಎಂದಳಂತೆ. ಅಣ್ಣ ನಿನ್ನನ್ನು ಕೇಳಿದನಂತೆ, ಹೋಗುತ್ತೀಯೇನು ಎಂದು. ನೀನು ಕೈಯಲ್ಲಿದ್ದ ಕೊಡ ನೋಡುತ್ತ ಸುಮ್ಮನೆ ನಿಂತೆಯಂತೆ. ಸುಮ್ಮನಿದ್ದದ್ದನ್ನು ಅವನು ಒಪ್ಪಿಗೆ ಎಂದುಕೊಂಡ. ಅಣ್ಣ ರಾಕ್ಷಸನಲ್ಲ, ಅದು ನನಗೂ ಗೊತ್ತು. ನಿನ್ನನ್ನು ಹತ್ತಿಸಿ ಬಂದು ಸಂಜೆ ಉಣ್ಣಲಿಲ್ಲವಂತೆ. ಅವನಿಗೆ ನಿಜವಾಗಿಯೂ ನೀನು ಮನೆಯಲ್ಲಿ ಏನೂ ಮಾಡುತ್ತಿಲ್ಲ ಎಂದೇ ಅನ್ನಿಸಿತ್ತು. ತಂಗಿಯನ್ನು ಗಂಡನ ಮನೆ ಸೇರಿಸಿದೆ, ಪುಣ್ಯ ಬಂತು ಎಂದುಕೊಂಡಿದ್ದ. ರಾಕ್ಷಸನಾಗಿದ್ದರೆ ನನಗೆ ಬೈಯಲು ಸುಲಭವಾಗುತ್ತಿತ್ತು.

ನಿನ್ನ ಪತ್ರದ ಕೊನೆಯಲ್ಲಿ ಮಾಸ್ತರರ ಅಕ್ಷರದಲ್ಲಿ ಒಂದು ಸಾಲು ಇದೆ. "ಇಲ್ಲೂ ನೀರು ಕಾಸೋದು ನಂದೇ, ಬಾಣಂತಿಗೆ ಬಾಳ ನೀರು ಬೇಕು." ಅದನ್ನು ಓದಿ ಪತ್ರ ಮಡಚಿಟ್ಟೆ. ಜಂಬಣ್ಣ ನಿನ್ನನ್ನು ಹೆಂಡತಿ ಎಂದು ಅಲ್ಲ, ಒಲೆ ಹಚ್ಚುವ ಕೈ ಎಂದು ಕರೆದೊಯ್ದ. ಆ ಮನೆಗೆ ಬೇಕಾದುದು ಈ ಮನೆಗೆ ಬೇಡವಾದುದೇ. ಒಂದು ಒಲೆಯಿಂದ ಎತ್ತಿ ಇನ್ನೊಂದು ಒಲೆಯ ಮುಂದೆ ಕೂರಿಸಿದರು. ನಡುವೆ ಹೊಸ ಸೀರೆ ಉಡಿಸಿದರು.

ನೀನು ಹೋದ ಮರುದಿನ ನಡೆದದ್ದನ್ನು ನಿನಗೆ ಯಾರೂ ತಿಳಿಸಿರಲಾರರು, ನಾನು ಹೇಳುತ್ತೇನೆ. ಅತ್ತಿಗೆ ಎಂದಿನಂತೆ ಸುರುಳಿಯ ಕೆಳಗೆ ಹತ್ತಿಕಟ್ಟಿಗೆ ಹಚ್ಚಿದಳು. ಅಣ್ಣ ಚಾವಿ ತಿರುವಿದ. ನೀರು ಬರಲಿಲ್ಲ. ಉರಿ ಸಾಲದೆಂದು ಇನ್ನಷ್ಟು ತುರುಕಿದರು. ಒಳಗೆ ನೀರಿಲ್ಲದ ತಾಮ್ರ ಕೆಂಡವಾಗಿ ಬೆಸುಗೆ ಕರಗಿ ಬೂದಿಯೊಳಗೆ ತೊಟ್ಟಿಕ್ಕಿತು. ಅಣ್ಣ ಅರ್ಧ ಬತ್ತಲೆ ಹೊರಗೆ ಬಂದು, "ಲೇ ಅಮರ್ಯಾ, ನಿನ್ನ ಮಷೀನು ಕೆಟ್ಟೈತಿ, ನೋಡ ಬಾ" ಎಂದ. ನಾನು ಹಿಂದಿನ ರಾತ್ರಿಯಷ್ಟೇ ಮಸ್ಕಿಯಿಂದ ಬಂದಿದ್ದೆ. ಆಗ ಹೇಳಿದೆ, "ಮಷೀನು ಕೆಟ್ಟಿಲ್ಲಣ್ಣ. ಅದನ್ನ ನೀನ ನಿನ್ನೆ ತುರ್ವಿಹಾಳದ ಮೋಟಾರಿಗೆ ಹತ್ತಿಸಿ ಬಂದೀದಿ." ಅವನು ಮಾಳಿಗೆಯ ಮೆಟ್ಟಿಲು ನೋಡಿದ. ಮೆಟ್ಟಿಲ ಮೇಲೆ ನಿನ್ನ ಕೊಡದಿಂದ ಚೆಲ್ಲಿದ ನೀರು ದಿನವೂ ಬಿದ್ದು ಹಸಿರು ಪಾಚಿ ಕಟ್ಟಿತ್ತು, ಅದನ್ನು ನೋಡಿದ. ಅವನ ಮುಖ ಬದಲಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಅತ್ತಿಗೆ ನಿಂತಿದ್ದಳು, ಅವ್ವ ನಿಂತಿದ್ದಳು. "ಮಾತು ಬಾಳ ಕಲ್ತಿ. ನೀರು ಹೊರಾಕ ಒಬ್ಬಾಕಿನ್ನ ಇಟ್ರಾತು" ಎಂದು ತಣ್ಣೀರು ಸುರುವಿಕೊಂಡು ಪೂಜೆಗೆ ಕೂತ.

ಬೆಸುಗೆ ಆಮೇಲೆ ಹಾಕಿಸೋಣ, ಮೊದಲು ಡ್ರಮ್ಮು ತುಂಬಲಿ ಎಂದು ಯಮನೂರಮ್ಮನನ್ನು ಕರೆಸಿದರು, ಕುರುಬರ ಓಣಿಯ ಗಟ್ಟಿ ಹೆಣ್ಣುಮಗಳು. ಎರಡು ದಿನ ಹೊತ್ತಳು. ಮೂರನೆಯ ದಿನ ಕೊಡ ಕೆಳಗಿಟ್ಟು, "ಇಷ್ಟು ದಿನ ಇದನ್ನ ಯಾರು ಹೊರತಿದ್ರು ಯವ್ವಾ?" ಎಂದು ಅತ್ತಿಗೆಯನ್ನು ಕೇಳಿದಳು. ಶೇಖರಮ್ಮ ಎಂದಳು ಅತ್ತಿಗೆ. "ಅಕ್ಕೋರಾ? ಅವರಿಗೆ ಏನ್ ಕೊಡತಿದ್ರಿ?" ಅತ್ತಿಗೆ ಒಲೆಯ ಕಡೆ ತಿರುಗಿದಳು. "ಕೆಳಗ ಕುಂತು ನೀರು ಕಾಸಂದ್ರ ಕಾಸ್ತೀನಿ. ಆಕಾಶಕ್ಕ ನೀರು ಹೊರೋ ಕೆಲಸ ನನ್ನಿಂದ ಆಗಂಗಿಲ್ಲ ತಾಯಿ" ಎಂದು ಸಿಂಬಿ ಕೊಡವಿಕೊಂಡು ಹೋದಳು. ಅಲ್ಲಿಂದ ಇಲ್ಲಿಯವರೆಗೆ ಈ ಮನೆಯಲ್ಲಿ ಅನ್ನ ಮಾಡುವ ಪಾತ್ರೆಯಲ್ಲಿ ನೀರು ಕಾಯಿಸಿ ಮೀಯುತ್ತಿದ್ದಾರೆ. ಹಂಡೆ ಇಲ್ಲ, ನೀನಿಲ್ಲ. ನಿನ್ನನ್ನು ಕರೆಸೋಣ ಎಂದು ಅಣ್ಣನಿಗೆ ಹೇಳಿದೆ. "ಗಂಡನ ಮನಿಗೆ ಹೋದ ಹೆಣ್ಣುಮಗಳನ್ನ ನೀರು ಹೊರಾಕ ಕರಸ್ಲೇನು? ಮಂದಿ ನಗಂಗಿಲ್ಲೇನು?" ಎಂದ. ನೀರು ಹೊರಲಿಕ್ಕಲ್ಲದೆ ಸುಮ್ಮನೆ ಇರಲಿಕ್ಕೆ ಕರೆಸಬಹುದು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ ಅಕ್ಕಾ. ನಾನು ಬೆಳಗಿನವರೆಗೆ ಕಾದಿದ್ದರೂ ಹೊಳೆಯುತ್ತಿರಲಿಲ್ಲ. ಅವ್ವನಿಗೂ ಹೊಳೆಯಲಿಲ್ಲ, ಅದೇ ಹೆಚ್ಚು ಕಹಿ.

ಈಗ ಹಬ್ಬ. ಅತ್ತಿಗೆಯ ತವರಿನವರು ಬಂದಿದ್ದಾರೆ. ಅವರಿಗೆ ತೋರಿಸಬೇಕು, ನಾಳೆ ನಸುಕಿನ ಎಣ್ಣೆಸ್ನಾನಕ್ಕೆ ಮಷೀನು ನಡೆಯಲೇಬೇಕು ಎಂದು ಅಣ್ಣನ ಹುಕುಂ. ಇಂದು ಸಂಜೆ ಅವ್ವ ಎಂದಿನ ಅಭ್ಯಾಸದಂತೆ ಸುಣ್ಣ, ಕೆಮ್ಮಣ್ಣು ಕಲಸಿಕೊಂಡು, ಮಾಲಿಂಗನ ಬಳ್ಳಿ ತೆಗೆದುಕೊಂಡು ಬಚ್ಚಲಕ್ಕೆ ಬಂದಳು. ಪ್ರತಿ ವರ್ಷ ನೀನು ಹಂಡೆ ತಿಕ್ಕಿ ತೊಳೆದು ಇಡುತ್ತಿದ್ದೆ, ಅವಳು ಪಟ್ಟೆ ಬರೆದು ಅದರ ಕೊರಳಿಗೆ ಬಳ್ಳಿ ಕಟ್ಟಿ, ನೀರು ತುಂಬಿ ಆರತಿ ಎತ್ತುತ್ತಿದ್ದಳು. ಇಂದು ಬಳ್ಳಿ ಹಿಡಿದುಕೊಂಡು ನಿಂತಳು. "ಎಲ್ಲಿ ಕಟ್ಟಲೋ ಇದನ್ನ?" ಎಂದಳು. ಪೈಪಿಗೇ ಸುತ್ತಿದಳು. ಅದಕ್ಕೆ ಕೊರಳಿಲ್ಲ, ಹೊಟ್ಟೆಯಿಲ್ಲ, ಬಳ್ಳಿ ಜಾರಿ ಕೆಳಗೆ ಬಂತು. ಮತ್ತೆ ಸುತ್ತಿದಳು, ಮತ್ತೆ ಜಾರಿತು. ಆಮೇಲೆ ಬಳ್ಳಿಯನ್ನು ಎತ್ತಿ ಗೂಡಿನಲ್ಲಿಟ್ಟು, ಆರತಿ ತಟ್ಟೆಯನ್ನು ಹಾಗೇ ಒಳಗೆ ಒಯ್ದಳು. "ಶೇಖ್ರಿ ಇದ್ದಿದ್ರ ಏನರ ಮಾಡತಿದ್ಲು" ಎಂದು ಗೊಣಗಿದ್ದು ಕೇಳಿಸಿತು. ಏನಾದರೂ ಮಾಡುತ್ತಿದ್ದೆ ನೀನು, ನಿಜ. ಈ ಮನೆಗೆ ನೆನಪಾಗುವುದು ಅಷ್ಟೇ.

ಅಣ್ಣ ಈಗ ತಾನೇ ಬಂದು, "ಆತೇನಲೇ ರಿಪೇರಿ?" ಎಂದು ಕೇಳಿದ. ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದನ್ನು ಅವನು ಒಪ್ಪಿಗೆ ಎಂದುಕೊಂಡು ಹೋದ. ಅದು ಅವನ ಹಳೆಯ ಅಭ್ಯಾಸ.

ಮೈ ಕಾಯ್ದುಕೋ. ಬಾಣಂತಿಗೆ ನೀರು ಹೊಯ್ಯುವಾಗ ಸೊಂಟ ಬಗ್ಗಿಸದೆ ಮಣೆಯ ಮೇಲೆ ಕೂತುಕೋ. ಕೂಸಿನ ಕಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ಮಾಸ್ತರರಿಗೆ ಇಷ್ಟುದ್ದ ಓದಿಸಿದ್ದಕ್ಕೆ ಕ್ಷಮೆ ಕೇಳಿದ್ದೇನೆಂದು ಹೇಳು. ಗುರುಗುಂಟಿಯ ಅಮರೇಶ್ವರ ನಿನ್ನ ಬೆನ್ನಿಗಿರಲಿ, ನಾನು ಇರಲಿಲ್ಲ.

ನಿನ್ನ ತಮ್ಮ
ಅಮರೇಶ

ತಾ. ಕ. ನರಕ ಚತುರ್ದಶಿ, ಬೆಳಗಾಗುತ್ತಿದೆ. ಬರೆಯಬೇಕಾದ ಮಾತು ಇದೇ, ಉಳಿದದ್ದೆಲ್ಲ ಸಿಟ್ಟು. ಸುರುಳಿಯನ್ನು ಬಿಚ್ಚಿ ಗೋಣಿಚೀಲಕ್ಕೆ ಹಾಕಿದ್ದೇನೆ. ಹೋದ ವಾರ ಮುದಗಲ್ಲಿಗೆ ಹೋಗಿದ್ದೆ. ನಿನ್ನ ಹಂಡೆ ರಹಮಾನಸಾಬನ ಅಂಗಡಿಯಲ್ಲಿ ಹಾಗೇ ಇದೆ. "ಬ್ಯಾರೆಯವರ ಹೆಸರು ಹೊಡದ ಹಂಡೆ ಯಾರು ಬಳುವಳಿಗೆ ಒಯ್ತಾರಪಾ? ಒಡದು ಕರಗಸ್ಬೇಕಂದ್ನಿ, ಕೆಲಸ ಬಿದ್ದು ಉಳೀತು" ಎಂದ. ತಾಮ್ರಕ್ಕೆ ತಾಮ್ರ ತೂಗಿ ಕೊಡುತ್ತಾನಂತೆ. ಈಗ ಅಲ್ಲಿಗೇ ಹೊರಟಿದ್ದೇನೆ. ಸಿಂಧನೂರಿನಲ್ಲಿ ಕಾಲುವೆ ಆಫೀಸಿನವರು ಪೈಪು ಕೂರಿಸುವ ಕೆಲಸ ಕೊಟ್ಟಿದ್ದಾರೆ, ಒಂದು ಕೋಣೆ ಹಿಡಿದಿದ್ದೇನೆ. ಹಂಡೆಯನ್ನು ಜಂಬಣ್ಣನ ಮನೆಗೆ ತರುವುದಿಲ್ಲ, ಅದು ನನ್ನ ಕೋಣೆಯಲ್ಲಿರುತ್ತದೆ. ಬಾಣಂತಿಯನ್ನು ನಡುವೆ ಬಿಟ್ಟು ಬಾ ಎನ್ನುವುದಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ, ಮನಸ್ಸಾದರೆ, ಮಾಸ್ತರರ ಕೈಯಲ್ಲಿ ಒಂದು ಸಾಲು ಬರೆಸು, ಕರೆಯಲು ಬರುತ್ತೇನೆ. ನನ್ನ ಮಾತನ್ನು ನಂಬು ಎಂದು ಹೇಳಲು ಬಾಯಿಲ್ಲ, ಕೊಡ ಹೊರುತ್ತೇನೆಂದು ನಡುವೆ ಬಿಟ್ಟವನು ನಾನು. ನೀನು ಬಾರದಿದ್ದರೂ ಹಂಡೆ ನಿನ್ನದೇ. ಬಂದರೆ ಅದರಲ್ಲಿ ನೀರು ಕಾಯಿಸಬೇಡ, ಜೋಳ ತುಂಬಿಡು. ನಾನು ತಣ್ಣೀರು ಮೀಯುತ್ತೇನೆ.

ಅಣ್ಣ ಮೈತುಂಬ ಎಣ್ಣೆ ಹಚ್ಚಿಕೊಂಡು ದೀಪವಿಲ್ಲದ ಬಚ್ಚಲಕ್ಕೆ ಹೋಗಿದ್ದಾನೆ. "ಲೇ ಅಮರ್ಯಾ, ನೀರು ಯಾಕ ಬರವಲ್ದು?" ಎಂದು ಕೂಗಿದ. ಅತ್ತಿಗೆಯನ್ನು ಕೂಗಿದ. ಅತ್ತಿಗೆ ತವರಿನವರಿಗೆ ಎಣ್ಣೆ ಹಚ್ಚುತ್ತಿದ್ದಾಳೆ, ಕೇಳಿಸಿಲ್ಲ. ಎಣ್ಣೆ ಕಣ್ಣಿಗಿಳಿದಿರಬೇಕು, ಈಗ ಹಳೆಯ ರೂಢಿಯಲ್ಲಿ, "ಶೇಖ್ರವ್ವಾ, ನೀರು ತಾರವ್ವಾ" ಎನ್ನುತ್ತಿದ್ದಾನೆ. ಎರಡು ಸಲ ಅಂದ. ಆಮೇಲೆ ಅವನಿಗೇ ಗೊತ್ತಾಗಿ ಸುಮ್ಮನಾದ. ಈ ಸಾಲನ್ನು ಹೊರಗೆ ಕಟ್ಟೆಯ ಮೇಲೆ ನಿಂತು ಬರೆಯುತ್ತಿದ್ದೇನೆ. ಕದ ಮುಚ್ಚಿಕೊಂಡು ಬಂದೆ.